ಫೌಜದಾರರ ಮೇಜಿನ ಮೇಲೆ ಪಂಡಿತರ ಪುಸ್ತಕ

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ಪಡುವಣಕ್ಕೆ ಹೊರಟರೆ ಮೊದಲು ಅಲ್‌-ಅಮೀನ್ ವೈದ್ಯಕೀಯ ಕಾಲೇಜು, ಆಮೇಲೆ ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಸಿಗುತ್ತವೆ. ಅದನ್ನೂ ದಾಟಿದರೆ ದ್ರಾಕ್ಷಿ ಪಡಗಳು, ಮಣೂಕ ಒಣಗಿಸುವ ಶೆಡ್ಡುಗಳು, ಮುಂದೆ ತಿಕೋಟಾ. 2018ರಿಂದ ಅದು ತಾಲ್ಲೂಕು ಕೇಂದ್ರ. ತಹಶೀಲ್ದಾರರಿದ್ದಾರೆ, ಪೊಲೀಸ್ ಠಾಣೆಯಿದೆ. ಇನ್ನೂ ಮುಂದೆ ಹೋದರೆ ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಕನ್ನಡದ ಹಳ್ಳಿಗಳು.

ವಿದ್ಯೆ ಕಲಿಸುವವರೂ ಕಾನೂನು ಕಾಯುವವರೂ ಒಂದೇ ರಸ್ತೆಯ ಮೇಲೆ ಇರುವುದು ಇಂದು ಯಾರಿಗೂ ವಿಶೇಷ ಅನ್ನಿಸದು. ತಿಕೋಟಾ ಕಡೆಯ ಹೊಲದಲ್ಲಿ ಯಾರಾದರೂ ಅನುಮಾನಾಸ್ಪದವಾಗಿ ಸತ್ತರೆ ಪೊಲೀಸರು ಬರೆದ ಪಂಚನಾಮೆ ವಿಧಿವಿಜ್ಞಾನ ಓದಿದ ವೈದ್ಯರ ಕೈಗೆ ಹೋಗುತ್ತದೆ, ಅವರ ವರದಿ ಠಾಣೆಗೆ ಮರಳುತ್ತದೆ, ಎರಡೂ ಸೇರಿ ನ್ಯಾಯಾಲಯದ ಮುಂದೆ ಬರುತ್ತವೆ. ಈ ಕೊಡುಕೊಳೆ ಹೀಗೆ ನೆಲೆಗೊಳ್ಳಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಆ ನೂರು ವರ್ಷದೊಳಗೆ ಬಿಜಾಪುರ (ಇಂದಿನ ವಿಜಯಪುರ) ಜಿಲ್ಲೆಯ ಕೆಲವು ಸಮುದಾಯಗಳ ಮಟ್ಟಿಗೆ ಪಂಡಿತರೂ ಪೊಲೀಸರೂ ಕೈಜೋಡಿಸಿದ್ದೇ ದೊಡ್ಡ ಆಪತ್ತಾಗಿತ್ತು.

ಮೊದಲು ಊರಿನಲ್ಲಿ ಇದ್ದದ್ದು ಪೊಲೀಸ್ ಗೌಡ. 1867ರ ಮುಂಬಯಿ ಗ್ರಾಮ ಪೊಲೀಸ್ ಕಾಯ್ದೆಯ ಪ್ರಕಾರ ಕಳವು, ಹೊಡೆದಾಟ, ಅಸಹಜ ಸಾವು ಏನೇ ಆದರೂ ವಿಚಾರಿಸಿ ವರದಿ ಕಳಿಸುವ ಹೊಣೆ ಅವನದು. ಕೈಕೆಳಗೆ ತಳವಾರ, ವಾಲಿಕಾರ. ಯಾರಾದರೂ ಬಾವಿಗೆ ಬಿದ್ದು ಸತ್ತರೆ ಗೌಡ ಊರಿನ ನಾಲ್ಕು ಹಿರಿಯರನ್ನು ಕರೆದು ಹೆಣ ತೋರಿಸಿ, ಮೈಮೇಲಿನ ಗಾಯ ಎಣಿಸಿ, ಪಂಚರ ಹೆಬ್ಬೆಟ್ಟು ಒತ್ತಿಸಿ ಕಾಗದ ಕಳಿಸುತ್ತಿದ್ದ. ಆಗ ಬಿಜಾಪುರ ಇದ್ದದ್ದು ಕಲಾದಗಿ ಜಿಲ್ಲೆಯಲ್ಲಿ. ಜಿಲ್ಲಾ ಕಚೇರಿ ಬಿಜಾಪುರಕ್ಕೆ ಬಂದದ್ದು 1880ರ ದಶಕದ ನಡುವಿನಲ್ಲಿ. ಪಂಚರ ಕಣ್ಣಿಗೆ ಕೊಡಲಿ ಪೆಟ್ಟು ಕಾಣುತ್ತಿತ್ತು, ಕೊರಳಿನ ಹಗ್ಗದ ಗುರುತು ಕಾಣುತ್ತಿತ್ತು. ಹೊಟ್ಟೆಯೊಳಗಿನ ವಿಷ ಕಾಣುತ್ತಿರಲಿಲ್ಲ.

ಆ ವಿಷವೇ ಕಾಲೇಜನ್ನೂ ಪೊಲೀಸರನ್ನೂ ಮೊದಲು ಕೂಡಿಸಿದ್ದು. ಹತ್ತೊಂಬತ್ತನೆಯ ಶತಮಾನದ ಹಿಂದುಸ್ತಾನದಲ್ಲಿ ಪಾಷಾಣ ಅಗ್ಗದ ಸರಕು. ದತ್ತೂರಿ ಬೇಲಿಯ ಪಕ್ಕದಲ್ಲೇ ಬೆಳೆಯುತ್ತಿತ್ತು; ದಾರಿಹೋಕರಿಗೆ ಅದನ್ನು ತಿನ್ನಿಸಿ ದೋಚುವ ಪ್ರಕರಣಗಳು ಅಂದಿನ ವೈದ್ಯ ಗ್ರಂಥಗಳ ತುಂಬ ಇವೆ. ಮುಂಬಯಿ ಸರ್ಕಾರದ ರಾಸಾಯನಿಕ ಪರೀಕ್ಷಕರಾಗಿದ್ದ ಐ.ಬಿ. ಲಯನ್ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರೂ ಆಗಿದ್ದರು. ಪಾಠ ಹೇಳುವವರೂ ಅವರೇ, ಪೊಲೀಸರು ಕಳಿಸಿದ ಜಾಡಿ ತೆರೆದು ನೋಡುವವರೂ ಅವರೇ. 1880ರ ದಶಕದ ಕೊನೆಗೆ ಅವರು ಬರೆದ ವೈದ್ಯಕೀಯ ನ್ಯಾಯಶಾಸ್ತ್ರದ ಪಠ್ಯ ಎರಡೂ ಕೆಲಸದ ಅನುಭವದಿಂದ ಹುಟ್ಟಿದ್ದು. ಬಿಜಾಪುರ ಜಿಲ್ಲೆ ಅದೇ ಮುಂಬಯಿ ಇಲಾಖೆಯ ಭಾಗ.

ಹತ್ತಿರದಿಂದ ನೋಡಿದರೆ ಇದು ಬಹಳ ನೇಮದ ಕೆಲಸ. ಜಠರ ಮತ್ತು ಅದರೊಳಗಿನ ಪದಾರ್ಥ ಒಂದು ಅಗಲ ಬಾಯಿಯ ಗಾಜಿನ ಜಾಡಿಗೆ. ಯಕೃತ್ತು, ಮೂತ್ರಪಿಂಡ, ಗುಲ್ಮದ ತುಣುಕುಗಳು ಇನ್ನೊಂದಕ್ಕೆ. ಕೊಳೆಯದಂತೆ ಗಟ್ಟಿ ಉಪ್ಪುನೀರು. ಆ ಉಪ್ಪುನೀರಿನದೇ ಒಂದಿಷ್ಟನ್ನು ಬೇರೆ ಸೀಸೆಯಲ್ಲಿ ಕಳಿಸಬೇಕು, ಏಕೆಂದರೆ ವಿಷ ಉಪ್ಪಿನಲ್ಲೇ ಇತ್ತು ಎಂದು ನಾಳೆ ವಕೀಲರು ವಾದಿಸಬಾರದು. ಜಾಡಿಯ ಬಾಯಿಗೆ ಬಟ್ಟೆ, ಅದರ ಮೇಲೆ ಅರಗು, ಅರಗಿನ ಮೇಲೆ ಮುದ್ರೆ. ಮುದ್ರೆಯ ಮಾದರಿ ಬೇರೆ ಲಕೋಟೆಯಲ್ಲಿ. ಒಯ್ದವನ ಹೆಸರು, ಕೊಟ್ಟ ಹೊತ್ತು, ಮುಟ್ಟಿದ ಹೊತ್ತು ಎಲ್ಲಕ್ಕೂ ದಾಖಲೆ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಮೊಕದ್ದಮೆ ಬಿದ್ದುಹೋಗಬಹುದು. ಉಪಕರಣ ಬದಲಾದರೂ ಈ ಶಿಸ್ತು ಇಂದಿಗೂ ಬದಲಾಗಿಲ್ಲ. ಇದರ ಬಗ್ಗೆ ಗೌರವ ಮೂಡುವುದು ಒಂದು ಕಾರಣಕ್ಕೆ: ಇಲ್ಲಿ ಪಂಡಿತನಿಗೆ ಕೇಳುವ ಪ್ರಶ್ನೆ ತೀರ ಚಿಕ್ಕದು. ಈ ಜಾಡಿಯಲ್ಲಿ ಪಾಷಾಣ ಇದೆಯೋ ಇಲ್ಲವೋ? ಸತ್ತವನ ಜಾತಿ, ಕೊಂದವನ ಕುಲ ಅವನಿಗೆ ಬೇಕಿಲ್ಲ. ಅವನು ಹೇಳಿದ್ದನ್ನು ಇನ್ನೊಬ್ಬ ರಸಾಯನಶಾಸ್ತ್ರಜ್ಞ ಮತ್ತೆ ಪರೀಕ್ಷಿಸಿ ತಪ್ಪೆನ್ನಬಹುದು.

ಬೆರಳಚ್ಚಿನ ವಿದ್ಯೆಯೂ ಹೀಗೆಯೇ ಕಾಲೇಜಿನಿಂದ ಠಾಣೆಗೆ ಬಂತು. ಬಂಗಾಳದ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿಗೆ ಸಾವಿರಾರು ಬೆರಳಚ್ಚುಗಳನ್ನು ಬೇಕೆಂದಾಗ ಹುಡುಕಿ ತೆಗೆಯುವ ಉಪಾಯ ಬೇಕಿತ್ತು. ಲೆಕ್ಕದಲ್ಲಿ ಗಟ್ಟಿಗನಾದ ವಿದ್ಯಾರ್ಥಿಯೊಬ್ಬನನ್ನು ಕೊಡಿ ಎಂದು ಅವನು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಂಶುಪಾಲರನ್ನು ಕೇಳಿದ. ಹಾಗೆ ಬಂದವರು ಅಜೀಜುಲ್ ಹಕ್. ಸಬ್‌ ಇನ್‌ಸ್ಪೆಕ್ಟರ್ ಆಗಿ ಸೇರಿದ ಅವರು ಹತ್ತು ಬೆರಳುಗಳ ಸುಳಿಗಳನ್ನು 1,024 ಗೂಡುಗಳಿಗೆ ಹಂಚುವ ಗಣಿತ ಕಟ್ಟಿದರು. ಸಹೋದ್ಯೋಗಿ ಹೇಮಚಂದ್ರ ಬೋಸ್ ಅದನ್ನು ತಂತಿಯಲ್ಲಿ ಕಳಿಸುವ ಸಂಕೇತ ರೂಪಿಸಿದರು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ತೆರೆಯಿತು. ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ಅದೇ ಪದ್ಧತಿ ಹಿಡಿದದ್ದು 1901ರಲ್ಲಿ. ಜಗತ್ತು ಅದನ್ನು ಕರೆದದ್ದು ಮಾತ್ರ ಹೆನ್ರಿ ಪದ್ಧತಿ ಎಂದು. ಹಕ್ ಮತ್ತು ಬೋಸ್ ಅವರಿಗೆ ಸಲ್ಲಬೇಕಾದ ಮನ್ನಣೆ ಸಂದದ್ದು ಬಹಳ ತಡವಾಗಿ, ಅದೂ ಅರೆಬರೆಯಾಗಿ.

ಬೆರಳಚ್ಚು ಒಂದು ಕೃತ್ಯವನ್ನು ಒಬ್ಬ ಮನುಷ್ಯನಿಗೆ ಜೋಡಿಸುವ ವಿದ್ಯೆ. ಅದೇ ಕಾಲದಲ್ಲಿ ಇನ್ನೊಂದು ಬಗೆಯ ಪಾಂಡಿತ್ಯ ಪೊಲೀಸರ ಕಡೆ ನಡೆದು ಬಂತು. ಅದಕ್ಕೆ ಕೃತ್ಯ ಬೇಕಿರಲಿಲ್ಲ, ಕುಲ ಸಾಕಿತ್ತು.

ಅದರ ಬೀಜ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ. ನೇಯುವ ಜಾತಿ, ಬಡಗಿಯ ಜಾತಿ ಇರುವಂತೆ ಕದಿಯುವ ಜಾತಿಯೂ ಇರಲೇಬೇಕು, ಅದು ಅವರ ಕುಲಕಸುಬು ಎಂಬುದು ಆ ಮಸೂದೆಯ ಚರ್ಚೆಯಲ್ಲಿ ಅಧಿಕಾರಿಗಳು ಮಂಡಿಸಿದ ವಾದ. ಜನರನ್ನು ಜಾತಿವಾರು ವಿಂಗಡಿಸಿ ಬರೆಯುವುದೇ ಆಗಿನ ದೊಡ್ಡ ವಿದ್ವತ್ತು. ಮದ್ರಾಸ್ ಮ್ಯೂಸಿಯಂನ ಮುಖ್ಯಸ್ಥ ಎಡ್ಗರ್ ಥರ್ಸ್ಟನ್ ತಲೆ, ಮೂಗು, ತೋಳು ಅಳೆಯುವ ಮಾನವಶಾಸ್ತ್ರವನ್ನು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೂ ಬೋಧಿಸಿದರು, ಪೊಲೀಸರಿಗೂ ಕಲಿಸಿದರು. ಮುಂಬಯಿ ಕಡೆ ಪೊಲೀಸ್ ಮುಖ್ಯಸ್ಥ ಎಂ. ಕೆನಡಿ 1908ರಲ್ಲಿ ತಮ್ಮ ಇಲಾಖೆಯ ‘ಅಪರಾಧಿ ವರ್ಗ’ಗಳ ಬಗ್ಗೆ ದಪ್ಪ ಪುಸ್ತಕವನ್ನೇ ಹೊರತಂದರು. ಯಾವ ಕುಲದವರ ವೇಷ ಹೇಗೆ, ಮಾತು ಹೇಗೆ, ಯಾವ ಜಾತ್ರೆಗೆ ಹೋಗುತ್ತಾರೆ, ಎಲ್ಲಿ ಬಿಡಾರ ಹಾಕುತ್ತಾರೆ ಎಲ್ಲವೂ ಅದರಲ್ಲಿತ್ತು. ಫೌಜದಾರರಿಗೆ ಅದು ಪಂಡಿತರ ಗ್ರಂಥದ ತೂಕದ ಕೈಪಿಡಿ.

ಅದರ ಪುಟಗಳಲ್ಲಿ ಬಿಜಾಪುರ ಜಿಲ್ಲೆಯ ಛಪ್ಪರಬಂದರೂ ಇದ್ದಾರೆ. ಹೆಸರೇ ಹೇಳುವಂತೆ ಮೊಗಲ ಸೈನ್ಯದ ಜೊತೆ ಬಂದು ಛಪ್ಪರ ಕಟ್ಟುತ್ತಿದ್ದವರು ಎಂಬುದು ಅವರ ಮೂಲದ ಬಗೆಗಿನ ನಂಬಿಕೆ. ಸೈನ್ಯಗಳು ಹೋದವು, ಛಪ್ಪರದ ಕೆಲಸವೂ ಹೋಯಿತು. ಕೆಲವರು ಫಕೀರರ ವೇಷದಲ್ಲಿ ದೂರದ ಊರು ಅಲೆದು ಖೋಟಾ ನಾಣ್ಯ ಚಲಾಯಿಸುತ್ತಿದ್ದರು. ಜೇಡಿಮಣ್ಣಿನ ಎರಡು ಬಿಲ್ಲೆಗಳ ನಡುವೆ ಅಸಲಿ ರೂಪಾಯಿ ಒತ್ತಿ ಅಚ್ಚು ತೆಗೆದು ಅದರೊಳಗೆ ಕರಗಿದ ತವರ ಸುರಿಯುವ ವಿಧಾನವನ್ನು ಪೊಲೀಸ್ ಬರಹಗಳು ವಿವರಿಸುತ್ತವೆ. ಕೆಲವರು ಮಾಡಿದ್ದು ನಿಜವೇ. ಆದರೆ ಪುಸ್ತಕದಲ್ಲಿ ಅದು ಇಡೀ ಕುಲದ ಗುಣವಾಯಿತು. ಹೊಲ ಮಾಡಿಕೊಂಡು ಊರಲ್ಲೇ ಇದ್ದವನೂ, ತೊಟ್ಟಿಲಲ್ಲಿದ್ದ ಕೂಸೂ ಖೋಟಾ ನಾಣ್ಯದವರೇ ಆದರು. ಗಂಟಿಚೋರರು, ಹರಣಶಿಕಾರಿಗಳು, ಕೊರವರು ಎಲ್ಲರಿಗೂ ಇದೇ ಗತಿ.

ಈ ಜನ ಅಲೆಯುತ್ತಿದ್ದುದಕ್ಕೆ ಕಾರಣ ಅವರ ರಕ್ತದಲ್ಲಿ ಇರಲಿಲ್ಲ. ಎತ್ತಿನ ಬೆನ್ನಿನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಕರಾವಳಿಗೂ ಬಯಲುಸೀಮೆಗೂ ಓಡಾಡುತ್ತಿದ್ದ ಲಂಬಾಣಿ, ಕೊರವರ ವ್ಯಾಪಾರವನ್ನು ರಸ್ತೆ ಮತ್ತು ರೈಲು ನುಂಗಿದವು. ಅರಣ್ಯ ಕಾನೂನು ಬೇಟೆಯನ್ನು ನಿಲ್ಲಿಸಿತು. ಅದರ ಮೇಲೆ 1876ರಿಂದ 78ರ ಬರ; ಕಲಾದಗಿ ಜಿಲ್ಲೆ ಅದರಲ್ಲಿ ತೀರ ಬೆಂದುಹೋದ ಸೀಮೆಗಳಲ್ಲೊಂದು. ದುಡಿಮೆ ಕಳೆದುಕೊಂಡವರನ್ನು ಕುಲದ ಹೆಸರಿನಲ್ಲಿ ಕಳ್ಳರೆಂದು ಬರೆದಿಟ್ಟ ವಿದ್ವತ್ತು ಈ ಕಾರಣಗಳನ್ನು ಬರೆದುಕೊಳ್ಳುವ ಗೋಜಿಗೇ ಹೋಗಲಿಲ್ಲ. ಅದರ ದೊಡ್ಡ ತಪ್ಪು ಇದೇ.

1911ರಲ್ಲಿ ಕಾಯ್ದೆಗೆ ಹೊಸ ರೂಪ ಬಂತು, ಬ್ರಿಟಿಷ್ ಹಿಂದುಸ್ತಾನಕ್ಕೆಲ್ಲ ವ್ಯಾಪಿಸಿತು. ಒಂದು ಸಮುದಾಯವನ್ನು ಸರ್ಕಾರ ಅಧಿಸೂಚಿಸಿದರೆ ಅದು ಸರಿಯೇ ಎಂದು ಯಾವ ನ್ಯಾಯಾಲಯವೂ ಕೇಳುವಂತಿರಲಿಲ್ಲ. ನೋಂದಾಯಿಸಿದವರ ಬೆರಳಚ್ಚು ತೆಗೆದಿಡಲಾಯಿತು. ಹಕ್ ಅವರ ಗಣಿತ ಹೀಗೆ ಯಾವ ಅಪರಾಧವನ್ನೂ ಮಾಡದವರ ಮೇಲೂ ಪ್ರಯೋಗವಾಯಿತು. ಕೆಲವು ಬಗೆಯ ಅಪರಾಧಗಳಿಗೆ ಎರಡನೆಯ ಸಲ ಸಿಕ್ಕವನಿಗೆ ಕನಿಷ್ಠ 7 ವರ್ಷ, ಮೂರನೆಯ ಸಲಕ್ಕೆ ಜೀವಾವಧಿ ಗಡೀಪಾರು. ಅದೇ ಅಪರಾಧ ಬೇರೆ ಕುಲದವನು ಮಾಡಿದ್ದರೆ ಶಿಕ್ಷೆಯ ಲೆಕ್ಕವೇ ಬೇರೆ.

ಇಲ್ಲಿಂದ ಮುಂದೆ ಬಿಜಾಪುರ ಈ ಕಥೆಯ ನಡುಮನೆಯಾಗುತ್ತದೆ. ಇಲ್ಲಿ ಅಸಿಸ್ಟೆಂಟ್ ಕಲೆಕ್ಟರ್ ಆಗಿದ್ದ ಓ.ಎಚ್.ಬಿ. ಸ್ಟಾರ್ಟ್ ಎಂಬ ಐಸಿಎಸ್ ಅಧಿಕಾರಿ 1910ರ ಆಸುಪಾಸಿನಲ್ಲಿ ಗಂಟಿಚೋರ, ಹರಣಶಿಕಾರಿ, ಛಪ್ಪರಬಂದ ಕುಟುಂಬಗಳನ್ನು ಒಂದೆಡೆ ನೆಲೆಗೊಳಿಸುವ ಪ್ರಯತ್ನ ಶುರುಮಾಡಿದರು. ಇಲ್ಲಿಂದ ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಿಗೂ ಆ ‘ಸೆಟ್ಲಮೆಂಟ್’ ಪದ್ಧತಿ ಹಬ್ಬಿತು. ಸ್ಟಾರ್ಟ್ ಇಡೀ ಮುಂಬಯಿ ಇಲಾಖೆಯ ಸೆಟ್ಲಮೆಂಟ್ ಅಧಿಕಾರಿಯಾದರು. ಹುಬ್ಬಳ್ಳಿಯಲ್ಲೂ ಗದಗ-ಬೆಟಗೇರಿಯಲ್ಲೂ ಇಂದಿಗೂ ಆ ಓಣಿಗಳಿಗೆ ಸೆಟ್ಲಮೆಂಟ್ ಎಂದೇ ಹೆಸರು.

ಸೆಟ್ಲಮೆಂಟಿನ ಬದುಕು ಹಾಜರಿಯಿಂದ ಶುರುವಾಗಿ ಹಾಜರಿಯಲ್ಲಿ ಮುಗಿಯುತ್ತಿತ್ತು. ಸುತ್ತ ಮುಳ್ಳುತಂತಿ. ಹೆಸರು ಕೂಗಿದಾಗ ಹಾಜರಿರದಿದ್ದರೆ ಶಿಕ್ಷೆ. ಹೊರಗೆ ಹೋಗಲು ಚೀಟಿ ಬೇಕು. ಮದುವೆಗೆ ಹೋಗುವುದಿದ್ದರೂ, ಸಾವಿಗೆ ಹೋಗುವುದಿದ್ದರೂ. ದೊಡ್ಡವರಿಗೆ ಗಿರಣಿ, ರೈಲ್ವೆ, ಕಲ್ಲಿನ ಗಣಿಯಲ್ಲಿ ದುಡಿಮೆ, ಮಕ್ಕಳಿಗೆ ಕಡ್ಡಾಯ ಶಾಲೆ. ಬೇಕೆಂದರೆ ಮಕ್ಕಳನ್ನು ತಂದೆತಾಯಿಯಿಂದ ಬಿಡಿಸಿ ಬೇರೆ ಇಡುವ ಅಧಿಕಾರವೂ ಕಾಯ್ದೆಯಲ್ಲಿತ್ತು. ವರ್ಷಗಟ್ಟಲೆ ನಡತೆ ಚೆನ್ನಾಗಿದ್ದರೆ ತಂತಿಯ ಹೊರಗಿನ ಕಾಲೋನಿಗೆ ಬಿಡುತ್ತಿದ್ದರು. ಗಿರಣಿಗಳಿಗೆ ಇದರಿಂದ ಲಾಭವೇ ಆಯಿತು. ಕೆಲಸ ಬಿಟ್ಟು ಓಡಿಹೋಗಲಾರದ ಕೂಲಿ ಸಿಕ್ಕಿತು.

ಸ್ಟಾರ್ಟ್ ಅವರನ್ನು ಖಳನಾಯಕನೆಂದು ಬರೆದುಬಿಡುವುದು ಸುಲಭ, ಆದರೆ ಅದು ನ್ಯಾಯವಲ್ಲ. ಜೈಲಿಗಿಂತ ಶಾಲೆ ಮೇಲು, ಬೆತ್ತಕ್ಕಿಂತ ಕೂಲಿ ಮೇಲು ಎಂದು ಅವರು ಮನಸಾರೆ ನಂಬಿದ್ದರು. ಕಾಯ್ದೆಯ ಬುಡದ ನಂಬಿಕೆಯನ್ನು ಮಾತ್ರ ಅವರು ಪ್ರಶ್ನಿಸಲಿಲ್ಲ. ಒಬ್ಬ ಮನುಷ್ಯ ಏನು ಮಾಡಿದ ಎಂದು ಕೇಳುವ ಬದಲು ಅವನು ಯಾರ ಮಗ ಎಂದು ಕೇಳುವ ಪದ್ಧತಿಯೊಳಗೇ ಅವರ ಕರುಣೆಯೂ ಕೆಲಸ ಮಾಡಿತು.

ಅದೇ 1910ರಲ್ಲಿ, ಅದೇ ಬಿಜಾಪುರದಲ್ಲಿ, ಇಲ್ಲಿನ ಕೋರ್ಟುಗಳಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಬಿಎಲ್‌ಡಿಇ ಶಿಕ್ಷಣ ಸಂಸ್ಥೆ ಕಟ್ಟಿದರು. ಒಂದೇ ಊರಿನಲ್ಲಿ, ಒಂದೇ ಹೊತ್ತಿನಲ್ಲಿ, ಒಂದು ಕಡೆ ಊರವರೇ ಮಕ್ಕಳಿಗಾಗಿ ಶಾಲೆ ತೆರೆಯುತ್ತಿದ್ದರು, ಇನ್ನೊಂದು ಕಡೆ ಮಕ್ಕಳನ್ನು ತಂತಿಬೇಲಿಯೊಳಗಿನ ಶಾಲೆಗೆ ಹಾಜರಿ ಹಾಕಿ ಕೂರಿಸಲಾಗುತ್ತಿತ್ತು. ಆ ಕಾಲದ ಬಿಜಾಪುರದ ಚರಿತ್ರೆ ಬರೆಯುವವರು ಮೊದಲನೆಯದನ್ನು ಹೆಮ್ಮೆಯಿಂದ ಬರೆಯುತ್ತಾರೆ, ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಎರಡೂ ನಮ್ಮವೇ.

ತಿರುವು ಬಂದದ್ದು 1928ರಲ್ಲಿ. ನಿಮ್ನವರ್ಗ ಮತ್ತು ಬುಡಕಟ್ಟುಗಳ ಸ್ಥಿತಿಗತಿ ಅರಿಯಲು ಮುಂಬಯಿ ಸರ್ಕಾರ ಸ್ಟಾರ್ಟ್ ಅವರ ಅಧ್ಯಕ್ಷತೆಯಲ್ಲೇ ಒಂದು ಸಮಿತಿ ನೇಮಿಸಿತು. ಸದಸ್ಯರಲ್ಲಿ ಡಾ. ಬಿ.ಆರ್. ಅಂಬೇಡ್ಕರ್, ಡಾ. ಪಿ.ಜಿ. ಸೋಳಂಕಿ, ಎ.ವಿ. ಠಕ್ಕರ್ ಇದ್ದರು. ಕೊಲಂಬಿಯಾ, ಲಂಡನ್ ವಿಶ್ವವಿದ್ಯಾಲಯಗಳಲ್ಲಿ ಓದಿ ಬಂದ ಅಂಬೇಡ್ಕರರು, ವಿದ್ವತ್ತು ಯಾರನ್ನು ಇಷ್ಟು ಕಾಲ ಬರೀ ವಸ್ತುವಾಗಿ ನೋಡಿತ್ತೋ ಅವರ ಪಾಲಿಗೆ ನಿಂತ ವಿದ್ವಾಂಸ. 1930ರ ವರದಿ ಶಾಲೆ, ವಿದ್ಯಾರ್ಥಿವೇತನ, ವಸತಿ, ನೌಕರಿಗಳ ಬಗ್ಗೆ ಮಾತಾಡಿತು. ಅದರ ಫಲವಾಗಿ 1931ರಲ್ಲಿ ಹಿಂದುಳಿದ ವರ್ಗಗಳ ಇಲಾಖೆ ಹುಟ್ಟಿತು. ಸೆಟ್ಲಮೆಂಟಿನ ಅಧಿಕಾರಿಯೇ ಅದರ ಅಧಿಕಾರಿಯಾದರು. ಪೊಲೀಸರ ಪಟ್ಟಿಯಲ್ಲಿದ್ದ ಜನ ಕಲ್ಯಾಣದ ಪಟ್ಟಿಗೂ ಬರತೊಡಗಿದರು.

ಕಾಯ್ದೆ ಹೋದದ್ದು ಸ್ವಾತಂತ್ರ್ಯದ ಮೇಲೆ: ಮುಂಬಯಿ ಪ್ರಾಂತದಲ್ಲಿ 1949ರಲ್ಲಿ, ದೇಶದಾದ್ಯಂತ 1952ರ ಆಗಸ್ಟ್ 31ರಂದು. ಅಂದು ಪಟ್ಟಿಯಿಂದ ಬಿಡುಗಡೆಯಾದವರೇ ಇಂದಿನ ವಿಮುಕ್ತ ಬುಡಕಟ್ಟುಗಳು. ಆದರೆ ಅದರ ಬೆನ್ನಿಗೇ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆಗಳನ್ನು ತಂದವು, ಕರ್ನಾಟಕದ್ದು 1961ರದು. ಕಾಗದದ ಮೇಲೆ ಅದು ವ್ಯಕ್ತಿಗೆ ಅನ್ವಯಿಸುವ ಕಾನೂನು. ಠಾಣೆಯಲ್ಲಿ ಮಾತ್ರ ಹಳೆಯ ಹೆಸರುಗಳು ಅಷ್ಟು ಬೇಗ ಮರೆತುಹೋಗಲಿಲ್ಲ. ಊರಲ್ಲಿ ಕಳವಾದರೆ ಮೊದಲು ಯಾವ ಓಣಿಗೆ ಜೀಪು ಹೋಗುತ್ತದೆ ಎಂಬುದು ಆ ಓಣಿಯ ಜನರಿಗೆ ಚೆನ್ನಾಗಿ ಗೊತ್ತು.

ಸ್ವತಂತ್ರ ಭಾರತದಲ್ಲಿ ಪೊಲೀಸರ ಜೊತೆಗಿನ ವಿದ್ಯೆ ಎರಡು ಕವಲಾಗಿ ಬೆಳೆಯಿತು: ಒಂದು ಪ್ರಯೋಗಾಲಯದ್ದು, ಇನ್ನೊಂದು ಸಮಾಜಕಾರ್ಯದ್ದು. ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನಕ್ಕೆ ವಿಶ್ವವಿದ್ಯಾಲಯದಲ್ಲೇ ವಿಭಾಗ ತೆರೆದದ್ದು ಮಧ್ಯಪ್ರದೇಶದ ಸಾಗರ ವಿಶ್ವವಿದ್ಯಾಲಯ, 1959ರಲ್ಲಿ. ಹೊರದೇಶದಲ್ಲಿ ಇದು ಇನ್ನೂ ಹಳೆಯದು. ಸ್ವಿಟ್ಜರ್ಲೆಂಡಿನ ಲೋಜಾನ್ ವಿಶ್ವವಿದ್ಯಾಲಯ 1909ರಲ್ಲೇ ಪೊಲೀಸ್ ವಿಜ್ಞಾನದ ಸಂಸ್ಥೆ ತೆರೆದಿತ್ತು, ಅಮೆರಿಕದ ಬರ್ಕ್ಲಿಯಲ್ಲಿ ಪೊಲೀಸ್ ಮುಖ್ಯಸ್ಥ ಆಗಸ್ಟ್ ವಾಲ್ಮರ್ 1916ರಲ್ಲಿ ವಿಶ್ವವಿದ್ಯಾಲಯದ ತರಗತಿಗೇ ಪೊಲೀಸರನ್ನು ಕರೆತಂದಿದ್ದರು. ನಮ್ಮ ಭಾಗದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಈ ವಿಷಯ ಕಲಿಸುವ ವ್ಯವಸ್ಥೆಯಾಯಿತು. ಬಿಜಾಪುರಕ್ಕೆ 1984ರಲ್ಲಿ ಅಲ್‌-ಅಮೀನ್, 1986ರಲ್ಲಿ ಬಿಎಲ್‌ಡಿಇಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಬಂದ ಮೇಲೆ ವಿಧಿವೈದ್ಯಶಾಸ್ತ್ರದ ಅಧ್ಯಾಪಕರು ಊರಲ್ಲೇ ಸಿಕ್ಕರು. ಹಳಕಟ್ಟಿಯವರು ನೆಟ್ಟ ಸಂಸ್ಥೆ 2008ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವೂ ಆಯಿತು. ಮದುವೆಯಾಗಿ 7 ವರ್ಷದೊಳಗೆ ಹೆಣ್ಣುಮಗಳು ಅನುಮಾನಾಸ್ಪದವಾಗಿ ಸತ್ತರೆ ಮರಣೋತ್ತರ ಪರೀಕ್ಷೆ ಆಗಲೇಬೇಕು ಎಂದು 1983ರಲ್ಲಿ ಕಾನೂನು ಬಂದಿತ್ತು. ಅಂಥ ಸಾವಿನಲ್ಲಿ ವೈದ್ಯರ ಒಂದು ಸಾಲು, ಉದಾಹರಣೆಗೆ ಸುಟ್ಟ ಗಾಯ ಸಾವಿಗೆ ಮೊದಲು ಆದದ್ದೋ ಆಮೇಲೆ ಆದದ್ದೋ ಎಂಬುದು, ಇಡೀ ಮೊಕದ್ದಮೆಯ ದಿಕ್ಕನ್ನು ತಿರುಗಿಸುತ್ತದೆ.

ಪ್ರಯೋಗಾಲಯ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಈ ಜಿಲ್ಲೆ ದುಃಖದಿಂದ ಕಂಡಿದೆ. ಸಿಂದಗಿ ತಾಲ್ಲೂಕಿನ ನೆಲದಿಂದ ಬಂದು ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಮನೆಯ ಬಾಗಿಲಲ್ಲೇ ಗುಂಡಿಕ್ಕಿ ಕೊಂದರು. ಎರಡು ವರ್ಷಗಳ ಮೇಲೆ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆಯಾದಾಗ, ಎರಡೂ ಕಡೆ ಸಿಕ್ಕ ಗುಂಡು, ತೋಟಾಗಳ ಮೇಲಿನ ಗೀರುಗಳನ್ನು ಹೋಲಿಸಿದ ವಿಧಿವಿಜ್ಞಾನ ಪ್ರಯೋಗಾಲಯ ಬಳಕೆಯಾದದ್ದು ಒಂದೇ 7.65 ಮಿ.ಮೀ. ನಾಡ ಪಿಸ್ತೂಲು ಎಂದು ವರದಿ ಕೊಟ್ಟಿತು. ನಿಂತುಹೋದಂತಿದ್ದ ತನಿಖೆಗೆ ಆ ಗೀರುಗಳೇ ದಾರಿ ತೋರಿದವು.

ಪ್ರಯೋಗಾಲಯದ ಹೆಸರಿನಲ್ಲಿ ಬಂದದ್ದೆಲ್ಲ ವಿಜ್ಞಾನವಾಗಿರಲಿಲ್ಲ. 2000ದ ದಶಕದಲ್ಲಿ ಬೆಂಗಳೂರು ಮಂಪರು ಪರೀಕ್ಷೆಯ ರಾಜಧಾನಿ ಎನ್ನುವಷ್ಟು ಹೆಸರು ಮಾಡಿತ್ತು. ಛಾಪಾ ಕಾಗದ ಹಗರಣದ ತೆಲಗಿಯಿಂದ ಹಿಡಿದು ಹಲವು ಆರೋಪಿಗಳಿಗೆ ಔಷಧಿ ಚುಚ್ಚಿ ಮಾತಾಡಿಸಲಾಯಿತು. ಆ ದೃಶ್ಯಗಳು ಟಿವಿಯಲ್ಲೂ ಬಂದವು. ಜೊತೆಗೆ ಮಿದುಳು ನಕ್ಷೆ: ತಲೆಗೆ ವಿದ್ಯುದ್ವಾರಗಳ ಟೋಪಿ ಹಾಕಿ, ಅಪರಾಧದ ಬಗೆಗಿನ ವಾಕ್ಯಗಳನ್ನು ಕೇಳಿಸಿ, ಮಿದುಳಿನ ತರಂಗ ನೋಡಿ ಇವನಿಗೆ ಆ ಕೃತ್ಯದ ಅನುಭವ ಇದೆ ಎಂದು ಹೇಳುವುದು. ಅದರ ಒಂದು ಪ್ರಸಿದ್ಧ ರೂಪವನ್ನು ಕಟ್ಟಿದವರು ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನಲ್ಲೇ ಕ್ಲಿನಿಕಲ್ ಸೈಕಾಲಜಿಯ ಪ್ರಾಧ್ಯಾಪಕರಾಗಿದ್ದ ಸಿ.ಆರ್. ಮುಕುಂದನ್. 2008ರಲ್ಲಿ ಪುಣೆಯ ನ್ಯಾಯಾಲಯವೊಂದು ಕೊಲೆ ಪ್ರಕರಣದ ತೀರ್ಪಿನಲ್ಲಿ ಅದನ್ನು ನೆಚ್ಚಿದಾಗ ಜಗತ್ತಿನ ಪತ್ರಿಕೆಗಳೆಲ್ಲ ಬೆರಗಿನಿಂದ ಬರೆದವು.

ಅದೇ ವರ್ಷ ಅದೇ ನಿಮ್ಹಾನ್ಸ್‌ನ ನಿರ್ದೇಶಕ ಡಾ. ಡಿ. ನಾಗರಾಜ ಅವರ ನೇತೃತ್ವದ ತಜ್ಞರ ಸಮಿತಿ ಈ ಪರೀಕ್ಷೆಗೆ ವೈಜ್ಞಾನಿಕ ಆಧಾರ ಸಾಲದು, ಇದನ್ನು ಸಾಕ್ಷ್ಯವಾಗಿ ಬಳಸಬಾರದು ಎಂದು ಹೇಳಿತು. ತನಿಖಾ ಸಂಸ್ಥೆಗಳು ಅಪ್ಪಿಕೊಂಡಿದ್ದ, ತಮ್ಮಲ್ಲೇ ಪ್ರಾಧ್ಯಾಪಕರಾಗಿದ್ದವರು ಕಟ್ಟಿದ್ದ ವಿಧಾನವನ್ನು ಒಂದು ವಿದ್ಯಾಸಂಸ್ಥೆ ಹೀಗೆ ಬೇಡವೆಂದದ್ದು ಸಣ್ಣ ಸಂಗತಿಯಲ್ಲ. ಕೆನಡಿಯ ಪುಸ್ತಕಕ್ಕೆ 1908ರಲ್ಲಿ ಇಂಥದೊಂದು ಸಮಿತಿ ಸಿಕ್ಕಿದ್ದರೆ ಎಷ್ಟು ಮನೆಗಳು ಉಳಿಯುತ್ತಿದ್ದವು ಎಂದು ಯೋಚಿಸದೆ ಇರಲು ಆಗುವುದಿಲ್ಲ. 2010ರ ಮೇ 5ರಂದು ಸುಪ್ರೀಂ ಕೋರ್ಟ್ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಯಾರ ಮೇಲೂ ಮಂಪರು, ಸುಳ್ಳುಪತ್ತೆ, ಮಿದುಳು ನಕ್ಷೆ ಪರೀಕ್ಷೆ ಮಾಡಕೂಡದು ಎಂದು ತೀರ್ಪು ಕೊಟ್ಟಿತು. ಈ ವಿಷಯದ ನಡೆ-ತಡೆ ಎರಡಕ್ಕೂ ಕರ್ನಾಟಕದ ಹೆಸರೇ ಅಂಟಿಕೊಂಡಿತು.

ಸಮಾಜಕಾರ್ಯದ ಕವಲು ಇಷ್ಟು ಸುದ್ದಿ ಮಾಡಲಿಲ್ಲ, ಆದರೆ ಅದರ ಕೆಲಸ ದೊಡ್ಡದು. 1984ರಲ್ಲಿ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ನಗರ ಪೊಲೀಸ್ ಕಮಿಷನರ್ ಕಚೇರಿಯೊಳಗೇ ಮಹಿಳೆಯರು ಮತ್ತು ಮಕ್ಕಳಿಗಾಗಿ ವಿಶೇಷ ಘಟಕ ತೆರೆಯಿತು. ಗಂಡನ ಹೊಡೆತ ತಾಳದೆ ಬಂದ ಹೆಣ್ಣುಮಗಳು ಖಾಕಿಯ ಮುಂದೆ ನಿಲ್ಲುವ ಮೊದಲು ತರಬೇತಾದ ಸಮಾಜ ಕಾರ್ಯಕರ್ತೆಯ ಎದುರು ಕೂತು ಮಾತಾಡಬಹುದಾಯಿತು. ಕೂತ ಜಾಗ ಪೊಲೀಸರದು, ಸಂಬಳ ವಿದ್ಯಾಸಂಸ್ಥೆಯದು, ಲೆಕ್ಕ ಒಪ್ಪಿಸುವುದೂ ಅದಕ್ಕೇ. ಹಾಗಾಗಿ ರಾಜಿ ಮಾಡಿಸಿ ಕಳಿಸು ಎಂಬ ಒತ್ತಡಕ್ಕೆ ಅವಳು ಮಣಿಯಬೇಕಿರಲಿಲ್ಲ. ಮುಂದೆ ಮಹಾರಾಷ್ಟ್ರ ಸರ್ಕಾರ ಆ ಘಟಕಗಳನ್ನು ಜಿಲ್ಲೆಗಳಿಗೆ ಒಯ್ದಿತು, ಬೇರೆ ರಾಜ್ಯಗಳೂ ಅನುಸರಿಸಿದವು. ತೊರವಿಯ ಮಹಿಳಾ ವಿಶ್ವವಿದ್ಯಾಲಯ 2003ರಲ್ಲಿ ಹುಟ್ಟಿದ್ದು ಹೆಣ್ಣುಮಕ್ಕಳಿಗಾಗಿಯೇ. ತಿಕೋಟಾ, ಬಬಲೇಶ್ವರ ಠಾಣೆಗಳು ಅಲ್ಲಿಂದ ದೂರವೇನಿಲ್ಲ. ಅಲ್ಲಿನ ಪದವೀಧರೆಯರು ಅದೇ ಮಾದರಿಯಲ್ಲಿ ಈ ಠಾಣೆಗಳಲ್ಲಿ ಕೂರುವಂತಾದರೆ ಅಥಣಿ ರಸ್ತೆಯ ಎಷ್ಟೋ ಮನೆಗಳ ಕಥೆ ಬೇರೆಯಾದೀತು.

ಈಗ ಕಾನೂನೇ ಪೊಲೀಸರನ್ನು ವಿದ್ಯಾಪೀಠದ ಕಡೆ ದೂಡುತ್ತಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ 7 ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯಾಗಬಹುದಾದ ಅಪರಾಧ ನಡೆದ ಸ್ಥಳಕ್ಕೆ ವಿಧಿವಿಜ್ಞಾನ ತಜ್ಞರು ಹೋಗಬೇಕು. ವ್ಯವಸ್ಥೆ ಮಾಡಿಕೊಳ್ಳಲು ರಾಜ್ಯಗಳಿಗೆ 5 ವರ್ಷದ ಅವಕಾಶವಿದೆ. ತಿಕೋಟಾಕ್ಕೆ ಹತ್ತಿರದ ಪ್ರಾದೇಶಿಕ ಪ್ರಯೋಗಾಲಯಗಳೆಂದರೆ ಬೆಳಗಾವಿ, ಕಲಬುರಗಿಯವು. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ 2023ರ ಜನವರಿ 28ರಂದು ಅಡಿಗಲ್ಲು ಬಿದ್ದಿದೆ. ಅಲ್ಲಿ ಕಲಿತವರು ನಾಳೆ ಈ ಭಾಗದ ಠಾಣೆಗಳ ಜೊತೆ ದುಡಿಯುತ್ತಾರೆ. ಡಿಎನ್‌ಎ, ಮೊಬೈಲ್ ದತ್ತಾಂಶ, ಮುಖ ಗುರುತಿಸುವ ತಂತ್ರಾಂಶ ಅವರ ಕೈಯಲ್ಲಿರುತ್ತವೆ. ಹಳೆಯ ಪೊಲೀಸ್ ದಾಖಲೆ ತಿನ್ನಿಸಿ ಬೆಳೆಸಿದ ತಂತ್ರಾಂಶ ಹಳೆಯ ಓಣಿಗಳನ್ನೇ ಮತ್ತೆ ಬೊಟ್ಟುಮಾಡಿ ತೋರಿಸುವ ಅಪಾಯ ನಿಜವಾದದ್ದು. ಅವರ ಪಠ್ಯದಲ್ಲಿ ಬಿಜಾಪುರದ ಸೆಟ್ಲಮೆಂಟಿಗೆ ಒಂದು ಅಧ್ಯಾಯ ಇರಲೇಬೇಕು. ಕಳಿಸಿಕೊಡಲು ದೂರವೂ ಇಲ್ಲ.

ಆ ಅಧ್ಯಾಯಕ್ಕೆ ತೀರ ಹೊಸ ಪುಟವೂ ಸೇರಿದೆ. ಜೈಲುಗಳಲ್ಲಿ ಜಾತಿಯ ಲೆಕ್ಕದಲ್ಲಿ ಕೆಲಸ ಹಂಚುವುದನ್ನು ಬಯಲಿಗೆಳೆದ ಪತ್ರಕರ್ತೆ ಸುಕನ್ಯಾ ಶಾಂತಾ ಸುಪ್ರೀಂ ಕೋರ್ಟಿಗೆ ಹೋದರು. 2024ರ ಅಕ್ಟೋಬರ್ 3ರಂದು ಬಂದ ತೀರ್ಪು 1871ರ ಕಾಯ್ದೆಯಿಂದ ಹಿಡಿದು ಈ ಇಡೀ ಚರಿತ್ರೆಯನ್ನು ಮತ್ತೆ ಓದಿತು. ಜೈಲಿನ ರಿಜಿಸ್ಟರುಗಳಿಂದ ಜಾತಿಯ ಕಲಂ ತೆಗೆಯಬೇಕು, ವಿಮುಕ್ತ ಬುಡಕಟ್ಟಿನವರನ್ನು ಪೊಲೀಸರು ಮನಬಂದಂತೆ ಬಂಧಿಸಕೂಡದು ಎಂದು ಆದೇಶಿಸಿತು. ಜನರು ದರ್ಗಾ ಜೈಲೆಂದು ಕರೆಯುವ ವಿಜಯಪುರದ ಕೇಂದ್ರ ಕಾರಾಗೃಹಕ್ಕೂ, ತಿಕೋಟಾ ಠಾಣೆಗೂ ಆ ಆದೇಶ ಅನ್ವಯಿಸುತ್ತದೆ.